ಪ್ಲಾಸ್ಟಿಕ್ ಎಳೆದರೆ ಎಲ್ಲಿ ತೆಳುವಾಗುತ್ತದೆ, ಎಷ್ಟು ತೆಳುವಾಗುತ್ತದೆ? ನೀವೇ ಅಳೆದು ನೋಡಿ

"ಪ್ಲಾಸ್ಟಿಕ್ ಹಾಳೆಯನ್ನು ಎರಡು ಪಟ್ಟು ಉದ್ದಕ್ಕೆ ಎಳೆದರೆ ಅದರ ದಪ್ಪ ಅರ್ಧ ಆಗುತ್ತಾ?" ಓದುಗರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ನಡುವೆ ಒಂದು ಕಡೆ ಸಣ್ಣಗಾಯಿತು, ಆದರೂ ಅಲ್ಲೇ ಯಾಕೆ ಹರಿಯಲಿಲ್ಲ?"

ಎರಡೂ ಪ್ರಶ್ನೆಗಳ ಗಂಟು ಒಂದೇ ಕಡೆ ಇದೆ. ಪಾಲಿಮರ್ ಪಟ್ಟಿ ಉದ್ದಕ್ಕೂ ಸಮನಾಗಿ ಹಿಗ್ಗುತ್ತದೆ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಬಹಳ ಸಲ ಅದು ಹಾಗೆ ಹಿಗ್ಗುವುದಿಲ್ಲ. ಇಡೀ ಪಟ್ಟಿಯ ಉದ್ದವನ್ನು ಮಾತ್ರ ಅಳೆದರೆ ಸಿಗುವುದು ಸರಾಸರಿ, ಆ ಸರಾಸರಿ ಪಟ್ಟಿಯ ಯಾವ ಭಾಗಕ್ಕೂ ಹೊಂದುವುದಿಲ್ಲ. ಆದ್ದರಿಂದ ಪಟ್ಟಿಯ ಮೇಲೆ ಗೆರೆ ಹಾಕಿ, ಗೆರೆಗಳ ನಡುವಿನ ಒಂದೊಂದು ಮನೆಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಅದನ್ನು ಮಾಡುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಯಂತ್ರ ಬೇಕಿಲ್ಲ, ತಾಳ್ಮೆ ಬೇಕು.

ಮೊದಲು ಒಳಗಡೆ ಏನಾಗುತ್ತದೆ ಅಂತ ಎರಡು ಮಾತು. ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ತುಣುಕುಗಳು ಸಾವಿರಾರು ಸಲ ಕೂಡಿಕೊಂಡು ಆದ ಉದ್ದನೆಯ ಅಣುಸರಪಳಿ. ಪಾಲಿಥೀನ್‌ನಲ್ಲಿ ಈ ಸರಪಳಿಗಳು ಕೆಲವು ಕಡೆ ಮಡಚಿಕೊಂಡು ಅಚ್ಚುಕಟ್ಟಾದ ತೆಳು ಪದರಗಳಾಗಿರುತ್ತವೆ. ಇವೇ ಸ್ಫಟಿಕ ಪದರಗಳು, ದಪ್ಪ ಸುಮಾರು 10 ನ್ಯಾನೋಮೀಟರ್ ಆಸುಪಾಸು. ಉಳಿದ ಕಡೆ ಸರಪಳಿಗಳು ಸಿಕ್ಕುಬಿದ್ದ ನೂಲಿನ ಹಾಗೆ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಎಳೆದಾಗ ಮೊದಲು ಈ ಸಿಕ್ಕು ಸ್ವಲ್ಪ ಬಿಗಿಯಾಗುತ್ತದೆ. ಇನ್ನೂ ಎಳೆದರೆ ಸ್ಫಟಿಕ ಪದರಗಳು ಜಾರಿ, ಒಡೆದು, ಸರಪಳಿಗಳು ಎಳೆದ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಇಷ್ಟು ಗೊತ್ತಿದ್ದರೆ ಮುಂದಿನದು ಸಲೀಸು.

ಬೇಕಾದ ಸಾಮಾನು

ಮೆತ್ತಗಿನ ಪಾಲಿಥೀನ್ ಚೀಲ, ಅಂದರೆ ಕಡಿಮೆ ಸಾಂದ್ರತೆಯ ಎಲ್‌ಡಿಪಿಇ. ಮುಟ್ಟಿದರೆ ಸರಸರ ಸದ್ದು ಮಾಡುವ ತೆಳು ಚೀಲ, ಅಂದರೆ ಹೆಚ್ಚು ಸಾಂದ್ರತೆಯ ಎಚ್‌ಡಿಪಿಇ. ಅಗಲವಾದ ರಬ್ಬರ್ ಬ್ಯಾಂಡ್ ಅಥವಾ ರಬ್ಬರ್ ಹಾಳೆಯ ತುಂಡು. ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್, ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್. ವರ್ನಿಯರ್ ಕ್ಯಾಲಿಪರ್ ಅಥವಾ ಸ್ಕ್ರೂ ಗೇಜ್. ಹಿಡಿಕೆಗೆ ನಾಲ್ಕು ಚಪ್ಪಟೆ ಮರದ ತುಂಡು, ಸ್ಯಾಂಡ್ ಪೇಪರ್, ಗಟ್ಟಿ ಕ್ಲಿಪ್‌ಗಳು. ಬಲ ಅಳೆಯುವ ಆಸೆ ಇದ್ದರೆ ಲಗೇಜ್ ತೂಗುವ ಡಿಜಿಟಲ್ ಸ್ಕೇಲ್. ಫೋಟೋ ತೆಗೆಯಲು ಮೊಬೈಲ್.

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ರಬ್ಬರ್ ಹರಿದರೆ ಅದರ ತುದಿ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು.

1. ದಿಕ್ಕು ಗುರುತಿಸಿ

ಈ ಹಂತವನ್ನು ಬಿಡುವವರೇ ಜಾಸ್ತಿ. ಚೀಲದ ಹಾಳೆ ಕಾರ್ಖಾನೆಯಲ್ಲಿ ತಯಾರಾಗುವಾಗಲೇ ಒಂದು ದಿಕ್ಕಿಗೆ ಎಳೆಸಿಕೊಂಡಿರುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಗುಳ್ಳೆಯ ಹಾಗೆ ಊದಿ ರೋಲ್‌ಗೆ ಸುತ್ತುವಾಗ ಸರಪಳಿಗಳು ಆ ಕಡೆಗೆ ಸ್ವಲ್ಪ ವಾಲಿಕೊಳ್ಳುತ್ತವೆ. ರೋಲ್ ಓಡಿದ ದಿಕ್ಕಿಗೆ ಯಂತ್ರದ ದಿಕ್ಕು ಅಂತಲೂ ಅದರ ಅಡ್ಡಕ್ಕೆ ಅಡ್ಡ ದಿಕ್ಕು ಅಂತಲೂ ಕರೆಯುತ್ತಾರೆ. ಒಂದೇ ಚೀಲದಿಂದ ಉದ್ದುದ್ದಕ್ಕೆ ಕತ್ತರಿಸಿದ ಪಟ್ಟಿಯೂ ಅಡ್ಡಕ್ಕೆ ಕತ್ತರಿಸಿದ ಪಟ್ಟಿಯೂ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಮೆತ್ತಗಿನ ಪಾಲಿಥೀನ್‌ನಲ್ಲಿ ಸಾಮಾನ್ಯವಾಗಿ ಅಡ್ಡ ದಿಕ್ಕಿನ ಪಟ್ಟಿ ಹರಿಯುವ ಮುನ್ನ ಜಾಸ್ತಿ ಹಿಗ್ಗುತ್ತದೆ.

ಚೀಲದ ಮೂಲೆಯಲ್ಲಿ ಬಾಣದ ಗುರುತು ಹಾಕಿಕೊಂಡು ಆಮೇಲೆ ಬ್ಲೇಡ್ ಹಿಡಿಯಿರಿ. ಎರಡೂ ದಿಕ್ಕಿನಲ್ಲಿ ಐದೈದು ಪಟ್ಟಿ ಇರಲಿ.

2. ಪಟ್ಟಿ ಕತ್ತರಿಸಿ

ಅಗಲ 20 ಮಿಲಿಮೀಟರ್, ಉದ್ದ 150 ಮಿಲಿಮೀಟರ್ ಸಾಕು. ಹಾಳೆಯ ಕೆಳಗೆ ದಪ್ಪ ರಟ್ಟು ಇಟ್ಟು, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡ್‌ನಿಂದ ಒಂದೇ ಎಳೆತದಲ್ಲಿ ಕತ್ತರಿಸಿ. ಕತ್ತರಿ ಬೇಡ. ಕತ್ತರಿಯ ಬಾಯಿ ಮುಚ್ಚಿ ತೆರೆದ ಪ್ರತಿ ಜಾಗದಲ್ಲೂ ಅಂಚಿಗೆ ಕಣ್ಣಿಗೆ ಕಾಣದ ಕಚ್ಚು ಬೀಳುತ್ತದೆ. ಎಳೆಯುವಾಗ ಬಲವೆಲ್ಲ ಆ ಕಚ್ಚಿನ ತುದಿಗೆ ಬಂದು ಸೇರುತ್ತದೆ, ಪಟ್ಟಿ ಹಿಗ್ಗುವ ಮೊದಲೇ ಹರಿಯುತ್ತದೆ. "ನನ್ನ ಪ್ಲಾಸ್ಟಿಕ್ ಹಿಗ್ಗುವುದೇ ಇಲ್ಲ" ಅನ್ನುವವರು ಮೊದಲು ಅಂಚನ್ನು ಬೆಳಕಿಗೆ ಹಿಡಿದು ನೋಡಲಿ.

3. ಮೊದಲಿನ ದಪ್ಪ ಅಳೆಯಿರಿ

ಚೀಲದ ಹಾಳೆ ಕೆಲವೇ ಹತ್ತು ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ. ಒಂದೇ ಪದರವನ್ನು ವರ್ನಿಯರ್‌ನಲ್ಲಿ ಹಿಡಿದರೆ ಅಳತೆ ನಂಬುವ ಹಾಗಿರುವುದಿಲ್ಲ. ಹತ್ತು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಗಾಳಿ ಉಳಿಯದಂತೆ ಸವರಿ, ಒಟ್ಟು ದಪ್ಪ ಅಳೆದು ಹತ್ತರಿಂದ ಭಾಗಿಸಿ.

ತೂಕದ ದಾರಿ ಇನ್ನೂ ಚೆನ್ನಾಗಿದೆ. 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಒಂದು ಪದರದ ಹಾಳೆ ಕತ್ತರಿಸಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಅದು 1.84 ಗ್ರಾಂ ಬಂತು ಅನ್ನಿ. ಎಲ್‌ಡಿಪಿಇ ಸಾಂದ್ರತೆ ಸುಮಾರು 0.92 ಗ್ರಾಂ ಪ್ರತಿ ಘನ ಸೆಂಟಿಮೀಟರ್. 1.84 ಅನ್ನು 0.92ರಿಂದ ಭಾಗಿಸಿದರೆ ಗಾತ್ರ 2 ಘನ ಸೆಂಟಿಮೀಟರ್. ಅದನ್ನು 400 ಚದರ ಸೆಂಟಿಮೀಟರ್‌ನಿಂದ ಭಾಗಿಸಿದರೆ 0.005 ಸೆಂಟಿಮೀಟರ್, ಅಂದರೆ 50 ಮೈಕ್ರಾನ್. ಮುಂದಿನ ಲೆಕ್ಕಗಳಲ್ಲಿ ಇದೇ 50 ಮೈಕ್ರಾನ್ ಹಾಳೆಯನ್ನು ಇಟ್ಟುಕೊಳ್ಳೋಣ.

4. ಗೆರೆ ಹಾಕಿ, ಹಿಡಿಕೆ ಕಟ್ಟಿ

ಪಟ್ಟಿಯ ಮೇಲೆ ಅಡ್ಡಡ್ಡಕ್ಕೆ, ಸರಿಯಾಗಿ 5 ಮಿಲಿಮೀಟರ್‌ಗೊಂದು ಗೆರೆ ಎಳೆಯಿರಿ. ಬಾಲ್ ಪೆನ್ ಬೇಡ, ಅದರ ಮೊನೆ ಹಾಳೆಯ ಮೇಲೆ ತಗ್ಗು ಮಾಡುತ್ತದೆ. ಮಾರ್ಕರ್ ಗೆರೆ ಆದಷ್ಟು ಸಣ್ಣಗಿರಲಿ. ಹಿಗ್ಗಿದಾಗ ಗೆರೆಯೂ ಜೊತೆಗೇ ಅಗಲವಾಗುತ್ತದೆ. ಆಮೇಲೆ ಯಾವ ಅಂಚಿನಿಂದ ಅಳೆಯಬೇಕು ಅಂತ ಗೊಂದಲ ಆಗಬಾರದು. ಯಾವಾಗಲೂ ಗೆರೆಯ ಒಂದೇ ಬದಿಯಿಂದ ಅಳೆಯುವ ರೂಢಿ ಮಾಡಿಕೊಳ್ಳಿ.

ಪಟ್ಟಿಯ ಎರಡೂ ತುದಿಗಳನ್ನು ಸ್ಯಾಂಡ್ ಪೇಪರ್ ಅಂಟಿಸಿದ ಮರದ ತುಂಡುಗಳ ನಡುವೆ ಇಟ್ಟು ಕ್ಲಿಪ್ ಹಾಕಿ. ಹಿಡಿಕೆಯ ಅಂಚಿಗೆ ತಾಗಿದಂತೆ ಒಂದು ಗೆರೆ ಹಾಕಿ. ಎಳೆಯುವಾಗ ಆ ಗೆರೆ ಹೊರಗೆ ಸರಿದು ಬಂದರೆ ಪಟ್ಟಿ ಜಾರುತ್ತಿದೆ ಅಂತ ಅರ್ಥ. ಜಾರಿದ ಪಟ್ಟಿಯ ಒಟ್ಟು ಉದ್ದ ಲೆಕ್ಕಕ್ಕೆ ಬಾರದು, ಆದರೆ ಗೆರೆಗಳ ನಡುವಿನ ಅಳತೆ ಆಗಲೂ ಸರಿಯೇ. ಸಣ್ಣ ಮನೆಗಳನ್ನು ಅಳೆಯುವುದರ ಇನ್ನೊಂದು ಅನುಕೂಲ ಇದು.

5. ನಿಧಾನವಾಗಿ ಎಳೆಯಿರಿ, ಕಣ್ಣು ಬಿಟ್ಟು ನೋಡಿ

ಒಂದು ಹಿಡಿಕೆಯನ್ನು ಮೇಜಿಗೆ ಬಿಗಿಯಿರಿ. ಇನ್ನೊಂದನ್ನು ನಿಮಿಷಕ್ಕೆ 50 ಮಿಲಿಮೀಟರ್‌ನಷ್ಟು, ಅಂದರೆ ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ವೇಗದಲ್ಲಿ ಎಳೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯುತ್ತಾ ಹೋಗಿ.

ಶುರುವಿನಲ್ಲಿ ಎಲ್ಲ ಮನೆಗಳೂ ಒಂದೇ ಸಮ ಹಿಗ್ಗುತ್ತವೆ. ಈ ಹಂತದಲ್ಲಿ ಬಿಟ್ಟರೆ ಪಟ್ಟಿ ಹೆಚ್ಚುಕಡಿಮೆ ಮೊದಲಿನ ಉದ್ದಕ್ಕೆ ವಾಪಸ್ ಬರುತ್ತದೆ. ಸ್ವಲ್ಪ ಮುಂದೆ ಹೋದರೆ ಬಲ ಏರುವುದು ನಿಂತಂತಾಗುತ್ತದೆ. ಇದು ಯೀಲ್ಡ್ ಬಿಂದು, ಇಲ್ಲಿಂದಾಚೆಗೆ ಆದ ಬದಲಾವಣೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಆಗ ಎಲ್ಲೋ ಒಂದು ಕಡೆ ಪಟ್ಟಿಯ ಎರಡೂ ಅಂಚು ಒಳಕ್ಕೆ ಬಾಗುತ್ತವೆ. ಆ ಜಾಗಕ್ಕೆ ಕತ್ತು ಅನ್ನುತ್ತಾರೆ, ಹಾಗಾಗುವುದಕ್ಕೆ ನೆಕ್ಕಿಂಗ್ ಅನ್ನುತ್ತಾರೆ. ಎಚ್‌ಡಿಪಿಇಯಲ್ಲಿ ಕತ್ತಿನ ಭುಜ ಚೂಪಾಗಿ ಕಾಣುತ್ತದೆ. ಎಲ್‌ಡಿಪಿಇಯಲ್ಲಿ ಅದು ಇಳಿಜಾರಿನಂತೆ ಮೆಲ್ಲಗೆ ಸಣ್ಣಗಾಗುತ್ತದೆ, ಎಲ್ಲಿ ಶುರುವಾಯಿತು ಅಂತ ಹುಡುಕಬೇಕಾಗುತ್ತದೆ.

ಇಲ್ಲಿ ಕೈ ನಿಲ್ಲಿಸಿ ಹತ್ತಿರದಿಂದ ನೋಡಿ. ಕತ್ತಿನೊಳಗಿನ ಗೆರೆಗಳು ದೂರ ದೂರ ಸರಿದಿವೆ. ಗೆರೆಯ ಬಣ್ಣ ಮಸುಕಾಗಿದೆ, ಯಾಕೆಂದರೆ ಅದೇ ಶಾಯಿ ಈಗ ಜಾಸ್ತಿ ಜಾಗಕ್ಕೆ ಹರಡಿದೆ. ಭುಜದ ಮೇಲಿರುವ ಗೆರೆ ನೆಟ್ಟಗಿಲ್ಲ, ಬಿಲ್ಲಿನಂತೆ ಬಾಗಿದೆ. ಕತ್ತಿನ ಹೊರಗಿನ ಗೆರೆಗಳು ಮಾತ್ರ ಏನೂ ಆಗದವರಂತೆ 5 ಮಿಲಿಮೀಟರ್ ಚಿಲ್ಲರೆಗೇ ನಿಂತಿವೆ.

ಇನ್ನೂ ಎಳೆಯಿರಿ. ಕತ್ತು ಆಳವಾಗುತ್ತಾ ಹೋಗಿ ಹರಿಯಬೇಕಿತ್ತು, ಅಲ್ವಾ? ಹಾಗಾಗುವುದಿಲ್ಲ. ಕತ್ತು ಒಂದು ಅಗಲಕ್ಕೆ ಬಂದು ನಿಲ್ಲುತ್ತದೆ, ಅದರ ಭುಜಗಳು ಎರಡೂ ಕಡೆಗೆ ಸರಿಯುತ್ತವೆ. ಪಕ್ಕದ ಮನೆಗಳು ಒಂದೊಂದಾಗಿ ಕತ್ತಿನೊಳಗೆ ಸೇರಿಕೊಳ್ಳುತ್ತವೆ. ಪಾಲಿಮರ್‌ಗಳಲ್ಲಿ ನನಗೆ ಅತ್ಯಂತ ಇಷ್ಟವಾದ ನೋಟ ಇದು. ಕತ್ತಿನಲ್ಲಿ ಸರಪಳಿಗಳು ಸಾಲಾಗಿ ನಿಂತು ಆ ಭಾಗ ಗಟ್ಟಿಯಾಗಿಬಿಟ್ಟಿದೆ. ತೆಳುವಾದರೂ ಅದು ಪಕ್ಕದ ದಪ್ಪ ಭಾಗಕ್ಕಿಂತ ಜಾಸ್ತಿ ತಡೆಯಬಲ್ಲದು. ಹಾಗಾಗಿ ಸೋಲುವ ಸರದಿ ಪಕ್ಕದ ಭಾಗದ್ದು. ಉಕ್ಕಿನಂಥ ಲೋಹದಲ್ಲಿ ಕತ್ತು ಮೂಡಿದರೆ ಅಲ್ಲಿ ಇಷ್ಟು ಗಟ್ಟಿತನ ಹೊಸದಾಗಿ ಬರುವುದಿಲ್ಲ. ಅದು ಆಳವಾಗುತ್ತಾ ಹೋಗಿ ಅಲ್ಲೇ ತುಂಡಾಗುತ್ತದೆ.

ಕತ್ತು ಯಾವಾಗ ಮೂಡುತ್ತದೆ ಎಂಬ ಲೆಕ್ಕವನ್ನು ಫ್ರಾನ್ಸಿನ ಎಂಜಿನಿಯರ್ ಅರ್ಮಾಂ ಕಾನ್ಸಿಡೇರ್ 1885ರಲ್ಲಿ ಕೊಟ್ಟ. ಅದರ ತಿರುಳು ಇಷ್ಟೇ: ಎಳೆದಂತೆ ವಸ್ತು ತೆಳುವಾಗಿ ಬಲ ಕಳೆದುಕೊಳ್ಳುತ್ತದೆ, ಜೊತೆಗೆ ಗಟ್ಟಿಯಾಗಿ ಬಲ ಗಳಿಸುತ್ತದೆ. ಕಳೆದದ್ದು ಗಳಿಸಿದ್ದಕ್ಕಿಂತ ಜಾಸ್ತಿಯಾದ ಕ್ಷಣ ಕತ್ತು ಶುರು. ಅವನು ಲೋಹಗಳಿಗೆ ಮಾಡಿದ ಈ ಲೆಕ್ಕ ಪ್ಲಾಸ್ಟಿಕ್‌ಗೂ ಒಪ್ಪುತ್ತದೆ, ಆದರೆ ಪ್ಲಾಸ್ಟಿಕ್‌ನಲ್ಲಿ ಮುಂದೆ ಗಳಿಕೆ ಮತ್ತೆ ಮೇಲಾಗುತ್ತದೆ. ಹೀಗೆ ಬಿಸಿ ಮಾಡದೆ ಎಳೆದು ಗಟ್ಟಿ ಮಾಡುವುದಕ್ಕೆ ಕೋಲ್ಡ್ ಡ್ರಾಯಿಂಗ್ ಅನ್ನುತ್ತಾರೆ. ನೈಲಾನ್ ಕಂಡುಹಿಡಿದ ರಸಾಯನಶಾಸ್ತ್ರಜ್ಞ ವ್ಯಾಲೇಸ್ ಕರೋದರ್ಸ್ ತಂಡದ ಜೂಲಿಯನ್ ಹಿಲ್ 1930ರಲ್ಲಿ ಪಾಲಿಎಸ್ಟರ್ ಎಳೆಗಳಲ್ಲಿ ಇದನ್ನು ಗಮನಿಸಿದರು. ಆಮೇಲೆ ನೈಲಾನ್ ದಾರಕ್ಕೆ ಬಲ ಬಂದದ್ದೂ ಇದೇ ದಾರಿಯಲ್ಲಿ.

6. ತೆಳುವಾದದ್ದು ಎಷ್ಟು, ಲೆಕ್ಕ ಹಾಕಿ

ಕತ್ತಿನೊಳಗಿನ ಒಂದು ಮನೆ ಆರಿಸಿ, ಭುಜದಿಂದ ದೂರ ಇರಲಿ. 5 ಮಿಲಿಮೀಟರ್ ಇದ್ದದ್ದು 20 ಆಗಿದ್ದರೆ ಅದು 4 ಪಟ್ಟು ಹಿಗ್ಗಿದೆ. ಇದಕ್ಕೆ ಹಿಗ್ಗಿನ ಅನುಪಾತ ಅನ್ನೋಣ.

ಗಾತ್ರ ಬದಲಾಗಲಿಲ್ಲ ಅಂತ ಇಟ್ಟುಕೊಂಡರೆ ಉದ್ದ, ಅಗಲ, ದಪ್ಪ ಮೂರರ ಗುಣಲಬ್ಧ ಮೊದಲಿನಷ್ಟೇ ಇರಬೇಕು. ಅಗಲ ಮತ್ತು ದಪ್ಪ ಎರಡೂ ಸಮನಾಗಿ ಕುಗ್ಗಿದರೆ ಒಂದೊಂದೂ ಹಿಗ್ಗಿನ ವರ್ಗಮೂಲದಷ್ಟು ಪಾಲು ಕುಗ್ಗುತ್ತದೆ. 4 ಪಟ್ಟು ಹಿಗ್ಗಿದರೆ ಅಗಲವೂ ಅರ್ಧ, ದಪ್ಪವೂ ಅರ್ಧ. 2 ಪಟ್ಟು ಹಿಗ್ಗಿದರೆ ಎರಡೂ ಮೊದಲಿನ ಶೇ. 71ಕ್ಕೆ ಬರುತ್ತವೆ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಎರಡು ಪಟ್ಟು ಎಳೆದರೆ ದಪ್ಪ ಅರ್ಧ ಆಗಲೇಬೇಕೆಂದಿಲ್ಲ, ಅಗಲವೂ ತನ್ನ ಪಾಲು ಕೊಡುತ್ತದೆ.

ಆದರೆ ತೆಳು ಹಾಳೆಯಲ್ಲಿ ಅಗಲ ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಕತ್ತು ಗಿಡ್ಡಗಿರುವಾಗ ಎರಡೂ ಬದಿಯ ದಪ್ಪ ಭಾಗ ಅದನ್ನು ಅಗಲಕ್ಕೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ನಷ್ಟವೆಲ್ಲ ದಪ್ಪದ ಮೇಲೆ ಬೀಳುತ್ತದೆ. ಆದ್ದರಿಂದ ಅಗಲವನ್ನು ಊಹಿಸಬೇಡಿ, ಅಳೆಯಿರಿ. 20 ಮಿಲಿಮೀಟರ್ ಅಗಲ 13ಕ್ಕೆ ಇಳಿದಿದೆ ಅನ್ನಿ, ಅಂದರೆ 0.65 ಪಾಲು. ಹಿಗ್ಗು 4. ಹೊಸ ದಪ್ಪ ಬೇಕಾದರೆ 50 ಮೈಕ್ರಾನನ್ನು 4 ಗುಣಿಸು 0.65ರಿಂದ, ಅಂದರೆ 2.6ರಿಂದ ಭಾಗಿಸಿ. ಸುಮಾರು 19 ಮೈಕ್ರಾನ್ ಬರುತ್ತದೆ. ವರ್ಗಮೂಲದ ಲೆಕ್ಕ 25 ಅನ್ನುತ್ತಿತ್ತು. ವ್ಯತ್ಯಾಸ ಸಣ್ಣದಲ್ಲ.

ಲೆಕ್ಕ ನಂಬಬೇಕೆಂದರೆ ಒಮ್ಮೆ ತಾಳೆ ನೋಡಿ. ಐದು ಪಟ್ಟಿಗಳ ಕತ್ತಿನ ಭಾಗ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಸ್ಕ್ರೂ ಗೇಜ್‌ನಲ್ಲಿ ಅಳೆಯಿರಿ. ಬಿಟ್ಟ ಮೇಲೆ ಪಟ್ಟಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಈ ಅಳತೆಯನ್ನು ಬಿಟ್ಟ ನಂತರದ ಗೆರೆಗಳ ಜೊತೆಗೇ ಹೋಲಿಸಿ, ಎಳೆದು ಹಿಡಿದಾಗಿನ ಫೋಟೋ ಜೊತೆ ಅಲ್ಲ.

ಎಚ್ಚರ ವಹಿಸಬೇಕಾದ ಎರಡು ಜಾಗಗಳಿವೆ. ಒಂದು, ಪಾಯ್ಸಾನ್ ಅನುಪಾತ. ಉದ್ದ ಶೇ. ಇಷ್ಟು ಹಿಗ್ಗಿದರೆ ಅಗಲ ಅದರ ಎಷ್ಟು ಪಾಲು ಕುಗ್ಗುತ್ತದೆ ಎಂಬ ಸಂಖ್ಯೆ ಇದು. ರಬ್ಬರ್‌ಗೆ ಹೆಚ್ಚುಕಡಿಮೆ 0.5, ಪಾಲಿಥೀನ್‌ಗೆ 0.4ರಿಂದ 0.46, ಪಾಲಿಸ್ಟೈರೀನ್‌ಗೆ ಸುಮಾರು 0.34. ಆದರೆ ಇದು ತೀರಾ ಸಣ್ಣ ಹಿಗ್ಗಿಗೆ ಮಾತ್ರ. ರಬ್ಬರನ್ನು ಎರಡು ಪಟ್ಟು ಎಳೆದು ಇದೇ 0.5 ಹಾಕಿದರೆ ಅಗಲ ಅರ್ಧಕ್ಕೆ ಇಳಿಯಬೇಕು ಅಂತ ಬರುತ್ತದೆ. ನಿಜಕ್ಕೂ ಇಳಿಯುವುದು ಶೇ. 71ಕ್ಕೆ.

ಎರಡು, ಬಿಳಿಚಿಕೊಳ್ಳುವುದು. ಕೆಲವು ಪ್ಲಾಸ್ಟಿಕ್ ಎಳೆದಾಗ, ಮಡಚಿದಾಗ ಹಾಲಿನಂತೆ ಬೆಳ್ಳಗಾಗುತ್ತದೆ. ಒಳಗೆ ಸಣ್ಣ ಸಣ್ಣ ಪೊಳ್ಳು ಹುಟ್ಟಿ ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ಪೊಳ್ಳು ಹುಟ್ಟಿತು ಎಂದರೆ ಗಾತ್ರ ಹೆಚ್ಚಾಯಿತು. ಅಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ, ದಪ್ಪವನ್ನು ನೇರವಾಗಿ ಅಳೆಯಬೇಕು.

7. ಬಲವನ್ನೂ ಬರೆದಿಟ್ಟುಕೊಳ್ಳಿ

ಲಗೇಜ್ ಸ್ಕೇಲ್ ಕಟ್ಟಿದ್ದರೆ ಒಂದು ಕಿಲೋ ಎಂದರೆ 9.8 ನ್ಯೂಟನ್ ಬಲ. ನಮ್ಮ ಪಟ್ಟಿಯ ಅಡ್ಡಕೊಯ್ತ 20 ಗುಣಿಸು 0.05, ಅಂದರೆ 1 ಚದರ ಮಿಲಿಮೀಟರ್. ಒಂದು ಚದರ ಮಿಲಿಮೀಟರ್‌ಗೆ ಒಂದು ನ್ಯೂಟನ್ ಎಂದರೆ ಒಂದು ಮೆಗಾಪ್ಯಾಸ್ಕಲ್, ಹಾಗಾಗಿ 10 ನ್ಯೂಟನ್ ಬಲ ಹಾಕಿದರೆ ಒತ್ತಡ 10 ಮೆಗಾಪ್ಯಾಸ್ಕಲ್. ಮೊದಲಿನ ಅಡ್ಡಕೊಯ್ತದಿಂದ ಭಾಗಿಸಿದ ಇದಕ್ಕೆ ಎಂಜಿನಿಯರಿಂಗ್ ಸ್ಟ್ರೆಸ್ ಅನ್ನುತ್ತಾರೆ. ಕತ್ತಿನಲ್ಲಿ ಹಿಗ್ಗು 4 ಇದ್ದರೆ ಅಡ್ಡಕೊಯ್ತ ಕಾಲು ಭಾಗ. ಅದೇ 10 ನ್ಯೂಟನ್ ಅಲ್ಲಿ 40 ಮೆಗಾಪ್ಯಾಸ್ಕಲ್ ಆಗುತ್ತದೆ. ಇದು ಟ್ರೂ ಸ್ಟ್ರೆಸ್, ವಸ್ತು ನಿಜಕ್ಕೂ ಹೊರುತ್ತಿರುವ ಒತ್ತಡ. ಸ್ಕೇಲ್‌ನ ಅಂಕಿ ಇಳಿದ ಮಾತ್ರಕ್ಕೆ ಪ್ಲಾಸ್ಟಿಕ್ ಮೆತ್ತಗಾಯಿತು ಅಂತ ತೀರ್ಮಾನ ಮಾಡಬೇಡಿ.

8. ವೇಗ ಬದಲಿಸಿ, ತಂಪು ಮಾಡಿ

ಅದೇ ಅಳತೆಯ ಪಟ್ಟಿಯನ್ನು ಈಗ ಥಟ್ಟನೆ ಜಗ್ಗಿ. ಬಲ ಜಾಸ್ತಿ ಬೇಕಾಗುತ್ತದೆ, ಹಲವು ಸಲ ಕತ್ತು ಹರಡುವ ಮೊದಲೇ ಪಟ್ಟಿ ಹರಿಯುತ್ತದೆ. ಸರಪಳಿಗಳಿಗೆ ಜಾರಿ ಸಾಲಾಗಲು ಸಮಯ ಬೇಕು, ಅದು ಸಿಗಲಿಲ್ಲ. ಫ್ರೀಜರ್‌ನಲ್ಲಿಟ್ಟ ಪಟ್ಟಿಯೂ ಇದೇ ದಿಕ್ಕಿನಲ್ಲಿ ಬದಲಾಗುತ್ತದೆ, ಆದರೆ ಕೈಯಲ್ಲಿ ಹಿಡಿದ ಕೂಡಲೇ ಬಿಸಿಯಾಗುವಷ್ಟು ತೆಳು ಅದು, ಹಿಡಿಕೆಯನ್ನೂ ಜೊತೆಗೇ ತಂಪು ಮಾಡಿ.

ಪ್ರತಿ ಪಾಲಿಮರ್‌ಗೂ ಒಂದು ತಾಪಮಾನ ಇದೆ, ಅದಕ್ಕಿಂತ ತಣ್ಣಗಾದರೆ ಗಾಜಿನಂತೆ ಬಿರುಸಾಗುತ್ತದೆ, ಇದಕ್ಕೆ ಗ್ಲಾಸ್ ಟ್ರಾನ್ಸಿಷನ್ ಅನ್ನುತ್ತಾರೆ. ಪಾಲಿಸ್ಟೈರೀನ್‌ಗೆ ಇದು ಸುಮಾರು 100 ಡಿಗ್ರಿ ಸೆಲ್ಸಿಯಸ್. ಅದಕ್ಕೇ ಪಾರದರ್ಶಕ ಪಾಲಿಸ್ಟೈರೀನ್ ಡಬ್ಬಿ ಕೋಣೆಯ ತಾಪದಲ್ಲಿ ಹಿಗ್ಗದೆ ಚಟ್ಟನೆ ಒಡೆಯುತ್ತದೆ. ನೈಸರ್ಗಿಕ ರಬ್ಬರ್‌ಗೆ ಸುಮಾರು ಮೈನಸ್ 70. ಬಿಸಿ ಮಾಡಿ ನೋಡುವ ಆಸೆಯಾದರೆ ಬಿಸಿ ನೀರು ಬಳಸಿ, ಬೆಂಕಿಯ ಹತ್ತಿರ ಒಯ್ಯಲೇಬೇಡಿ. ಕತ್ತಾದ ಪಾಲಿಥೀನ್ ತುಂಡು ಬಿಸಿ ನೀರಿನಲ್ಲಿ ಸ್ವಲ್ಪ ಕುಗ್ಗುವುದು ಕಾಣುತ್ತದೆ, ಸಾಲಾಗಿ ನಿಂತಿದ್ದ ಸರಪಳಿಗಳು ಮತ್ತೆ ಮುದುರಿಕೊಳ್ಳುತ್ತಿವೆ.

9. ರಬ್ಬರ್ ಜೊತೆ ಹೋಲಿಸಿ

ಇದೇ ಗೆರೆಗಳನ್ನು ರಬ್ಬರ್ ಪಟ್ಟಿಯ ಮೇಲೆ ಹಾಕಿ ಎಳೆಯಿರಿ. ಎಲ್ಲ ಮನೆಗಳೂ ಒಂದೇ ಸಮ ದೊಡ್ಡದಾಗುತ್ತವೆ, ಕತ್ತು ಮೂಡುವುದಿಲ್ಲ, ವರ್ಗಮೂಲದ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ರಬ್ಬರ್‌ನಲ್ಲಿ ಜಾರಿ ಒಡೆಯಲು ಸ್ಫಟಿಕ ಪದರಗಳಿಲ್ಲ, ಸರಪಳಿಗಳನ್ನು ಗಂಧಕದ ಕೊಂಡಿಗಳು ಅಲ್ಲಲ್ಲಿ ಕಟ್ಟಿಹಾಕಿರುತ್ತವೆ. ಕೊಂಡಿ ಇರುವುದರಿಂದಲೇ ಬಿಟ್ಟಾಗ ವಾಪಸ್ ಬರುತ್ತದೆ.

ಕಪ್ಪು ರಬ್ಬರ್ ಆದರೆ ಒಂದು ಮಾತು ನೆನಪಿಡಿ: ಮಸಿಪುಡಿ ಬೆರೆಸಿದ ರಬ್ಬರ್ ಮೊದಲ ಸಲ ಎಳೆದಾಗ ಬಿಗಿಯಾಗಿರುತ್ತದೆ, ಎರಡನೇ ಸಲ ಸಡಿಲ. ಇದಕ್ಕೆ ಮಲಿನ್ಸ್ ಪರಿಣಾಮ ಅನ್ನುತ್ತಾರೆ. ಬಲ ಅಳೆಯುವುದಿದ್ದರೆ ಇದು ಎಷ್ಟನೇ ಎಳೆತ ಅಂತ ಬರೆದಿಡಿ. ಹಾಗೇ, ರಬ್ಬರ್ ಬ್ಯಾಂಡನ್ನು ಥಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಜಾನ್ ಗಾಫ್ 1805ರಲ್ಲಿ ದಾಖಲಿಸಿದ, ಆಮೇಲೆ ಭೌತವಿಜ್ಞಾನಿ ಜೇಮ್ಸ್ ಜೌಲ್ ಅಳೆದು ನೋಡಿದ ಸಂಗತಿ ಇದು.

ಲ್ಯಾಬ್‌ಗೆ ಕೊಡುವುದಾದರೆ

ಉತ್ಪನ್ನದ ವಿನ್ಯಾಸಕ್ಕೆ ಅಂಕಿ ಬೇಕಿದ್ದರೆ ಮನೆಯ ಅಳತೆ ಸಾಲದು. ಐಎಸ್‌ಒ, ಎಎಸ್‌ಟಿಎಂ ಎಂಬ ಸಂಸ್ಥೆಗಳು ಪರೀಕ್ಷೆಗೆ ಮಾನದಂಡ ಬರೆದಿಟ್ಟಿವೆ. ತೆಳು ಹಾಳೆಗೆ ಐಎಸ್‌ಒ 527ರ 3ನೇ ಭಾಗ ಅಥವಾ ಎಎಸ್‌ಟಿಎಂ ಡಿ882, ದಪ್ಪ ಪ್ಲಾಸ್ಟಿಕ್‌ಗೆ ಎಎಸ್‌ಟಿಎಂ ಡಿ638, ರಬ್ಬರ್‌ಗೆ ಐಎಸ್‌ಒ 37 ಪ್ರಕಾರ ಪರೀಕ್ಷೆ ಮಾಡಿ ಅಂತ ಕೇಳಿ. ಪಟ್ಟಿ ಯಾವ ದಿಕ್ಕಿನದು, ಎಳೆದ ವೇಗ ಎಷ್ಟು, ತಾಪಮಾನ ಎಷ್ಟು, ಈ ಮೂರೂ ವರದಿಯಲ್ಲಿ ಇರಲೇಬೇಕು. ಇನ್ನೊಂದನ್ನು ಬಾಯಿಬಿಟ್ಟು ಕೇಳಿ: ಹಿಗ್ಗನ್ನು ಹಿಡಿಕೆಗಳ ನಡುವಿನ ದೂರದಿಂದ ಲೆಕ್ಕ ಹಾಕಿದ್ದಾ, ಅಥವಾ ಪಟ್ಟಿಯ ಮೇಲಿನ ಗುರುತುಗಳಿಂದ ಅಳೆದದ್ದಾ? ಕತ್ತು ಮೂಡುವ ಪ್ಲಾಸ್ಟಿಕ್ ಆದರೆ ಈ ಎರಡು ಅಂಕಿಗಳ ನಡುವೆ ತುಂಬಾ ಅಂತರ ಇರುತ್ತದೆ.